ಊದಿ ನೋಡದ ಕೊಳವೆ

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಶಾಲೆಯಲ್ಲಿ ಕನ್ನಡ ಓದಿದ್ದು ಏಳನೆಯ ತರಗತಿಯವರೆಗೆ ಮಾತ್ರ. ಅನಂತರ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನಿಗೆ ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾಯಿತು. ಅಲ್ಲಿಂದ ಮುಂದೆ ನನ್ನ ಪಾಲಿಗೆ ಉಳಿದ ಕನ್ನಡವೆಂದರೆ ಮನೆಯ ಮಾತು, ಮತ್ತು ಊರಿನಿಂದ ಬರುವವರು ರೊಟ್ಟಿ, ಚಟ್ನಿಪುಡಿ ಸುತ್ತಿಕೊಂಡು ತರುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳು. ಆದ್ದರಿಂದ ಈ ಬರಹದ ವಾಕ್ಯಗಳು ಗಂಜಿ ಹಾಕಿದ ಬಟ್ಟೆಯಂತೆ ಬಿಗಿಯಾಗಿ ಕಂಡರೆ ಓದುವವರು ಮನ್ನಿಸಬೇಕು. ಯಂತ್ರಗಳನ್ನು ಬಲ್ಲವರಿಗೆ ನನ್ನ ವಿವರಣೆ ಸಾಲದು ಎನಿಸಬಹುದು. ಅರಿಯದವರಿಗೆ ಅತಿಯಾಯಿತು ಎನಿಸಬಹುದು. ಎರಡಕ್ಕೂ ಹೊಣೆ ನನ್ನದೇ.

ಇದು ಈ ಶತಮಾನದ ಮೊದಲ ನಾಲ್ಕೈದು ವರ್ಷಗಳ ಒಳಗಿನ ಮಾತು. ನಮ್ಮ ಮನೆತನದಲ್ಲಿ ನಾನು ಮೊದಲ ಪದವೀಧರ. ವಡೋದರಾದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಅಹಮದಾಬಾದಿನ ಒಂದು ಖಾಸಗಿ ಗ್ಯಾರೇಜಿನಲ್ಲಿ ಸರ್ವಿಸ್ ಇಂಜಿನಿಯರ್ ಆಗಿ ಸೇರಿದ್ದೆ. ವಿದೇಶದಿಂದ ಬಂದ ಕಾರುಗಳನ್ನು ಮಾತ್ರ ಮುಟ್ಟುವ ಗ್ಯಾರೇಜು ಅದು. ಒಂದು ವರ್ಷದ ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ಕೆಲಸ ಕಾಯಂ ಆಯಿತೆಂದು ಮಾಲೀಕರು ಒಂದು ಪತ್ರ ಕೊಡಬೇಕಾಗಿತ್ತು. ಆ ಒಂದು ಹಾಳೆಯ ಮೇಲೆ ನಮ್ಮ ಇಡೀ ಸಂಸಾರ ನಿಂತಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಕಾರಣವಿಷ್ಟೆ. ಮಾರ್ಚ್ ಕೊನೆಗೆ ಅಪ್ಪ ನಿವೃತ್ತರಾಗುವವರಿದ್ದರು. ರೈಲ್ವೆ ಕ್ವಾರ್ಟರ್ಸನ್ನು ಕೆಲವೇ ತಿಂಗಳೊಳಗೆ ಬಿಡಬೇಕಾಗಿತ್ತು. ನಾನು ಅಹಮದಾಬಾದಿನ ಅಂಚಿನ ಬೋಪಾಲ್ ಎಂಬ ಬಡಾವಣೆಯಲ್ಲಿ, ಆಗ ತಾನೆ ಏಳುತ್ತಿದ್ದ ಕಟ್ಟಡಗಳ ನಡುವೆ, ಎರಡನೆಯ ಮಹಡಿಯ ಒಂದು ಮನೆ ನೋಡಿಟ್ಟಿದ್ದೆ. ಮನೆಯ ಒಡೆಯರು ಸಭ್ಯರು. ಮಾಂಸಾಹಾರ ಇಲ್ಲವಷ್ಟೆ ಎಂದು ಕೇಳಿದರು, ಇಲ್ಲವೆಂದೆ. ಕೆಲಸ ಕಾಯಂ ಆಗಿದೆಯೇ ಎಂದು ಕೇಳಿದರು, ಆಗುತ್ತದೆಂದೆ. "ಆದ ಮೇಲೆ ಪತ್ರ ತನ್ನಿ, ಕೀಲಿ ಒಯ್ಯಿರಿ" ಎಂದರು. ಆ ಮನೆ ಆಗದಿದ್ದರೆ ಗದಗಿನಲ್ಲಿ ಚಿಕ್ಕಪ್ಪನ ಮನೆಯ ಮೇಲಿನ ಕೋಣೆಗೆ ಹೋಗುವುದು ಎಂದು ಅಪ್ಪ ಲೆಕ್ಕ ಹಾಕಿದ್ದರು. ತೊಂದರೆ ಇದ್ದದ್ದು ತಂಗಿಯದು. ಅವಳಿಗೆ ಮುಂದಿನ ವರ್ಷ ಹತ್ತನೆಯ ತರಗತಿ. ಹುಬ್ಬಳ್ಳಿ ಬಿಟ್ಟಾಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಓದಿದ್ದೆಲ್ಲ ಹಿಂದಿಯಲ್ಲಿ, ಆಡಿದ್ದೆಲ್ಲ ಗುಜರಾತಿಯಲ್ಲಿ. ಕನ್ನಡದ ಒಂದಕ್ಷರವೂ ಅವಳಿಗೆ ಓದಲು ಬರುತ್ತಿರಲಿಲ್ಲ. ಆ ಒಂದು ವರ್ಷ ಅವಳನ್ನು ಕಿತ್ತು ಗದಗಿನಲ್ಲಿ ನೆಟ್ಟರೆ ಏನಾದೀತು ಎಂಬುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅವ್ವ ಒಂದು ಭಾನುವಾರ ಬೋಪಾಲ್‌ಗೆ ಬಂದು, ಖಾಲಿ ಮನೆಯ ಕಿಟಕಿಗಳನ್ನು ಒಂದು ಸೆಣಬಿನ ದಾರದಿಂದ ಅಳೆದು, ಒಂದೊಂದು ಅಳತೆಗೂ ಒಂದೊಂದು ಗಂಟು ಹಾಕಿಕೊಂಡು ಹೋಗಿದ್ದಳು. ಆ ದಾರ ವಡೋದರಾದ ಮನೆಯಲ್ಲಿ ದೇವರ ಪಟದ ಮೊಳೆಗೆ ತೂಗುತ್ತಿತ್ತು. ಪ್ರತಿ ಸಲ ಮನೆಗೆ ಹೋದಾಗಲೂ ನನ್ನ ಕಣ್ಣು ಮೊದಲು ಅದರ ಮೇಲೆ ಬೀಳುತ್ತಿತ್ತು.

ಇಂಥ ದಿನಗಳಲ್ಲಿ ಆ ಕಾರು ಬಂತು.

ಕಾರಿನ ಒಡೆಯರು ಸೂರತ್ತಿನ ಹತ್ತಿರದ ಸಚಿನ್‌ನಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಿದ್ದವರು. ಅವರನ್ನು ಎಲ್ಲರೂ ಶೇಠ್‌ಜಿ ಎಂದೇ ಕರೆಯುತ್ತಿದ್ದರು. ಸ್ಥೂಲಕಾಯ, ನಗುಮುಖ, ಬೆರಳಲ್ಲಿ ಎಂದೂ ಹೋಗದ ನೀಲಿ ಬಣ್ಣ. ಕಾರು ಪೆಟ್ರೋಲಿನದು, ಟರ್ಬೊ ಇದ್ದದ್ದು. ಬಂದವರೇ ಮಾಲೀಕರ ಮುಂದೆ ದೂರು ಬಿಚ್ಚಿದರು.

"ಪ್ರತಿ ಸಿಗ್ನಲ್‌ನಲ್ಲೂ ಬಂದ್ ಬೀಳ್ತದೆ, ಭಾಈ. ಕಾಲು ತೆಗೆದೆ, ಬಂದ್. ಹಿಂದೆ ಕರೀ ಹೊಗೆ. ಪಕ್ಕದ ರಿಕ್ಷಾದವನು ನಗ್ತಾನೆ. ಅವನ ರಿಕ್ಷಾ ಚಾಲೂ, ನನ್ನ ಗಾಡಿ ಬಂದ್! ಈಗ ನೀವೇ ಹೇಳಿ, ಶೇಠ್ ಯಾರು, ರಿಕ್ಷಾವಾಲಾ ಯಾರು?"

ಇಲ್ಲಿ ಸ್ವಲ್ಪ ವಿವರಿಸಬೇಕು. ಟರ್ಬೊ ಎಂದರೆ ಇಂಜಿನಿನ ಹೊಗೆಯ ರಭಸಕ್ಕೆ ತಿರುಗುವ ಒಂದು ಪಂಖ. ಅದು ಗಾಳಿಯನ್ನು ಒತ್ತಿ ಒತ್ತಿ ಇಂಜಿನಿಗೆ ತುಂಬುತ್ತದೆ. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಇಂಜಿನಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಒತ್ತಿದ ಗಾಳಿ ಬಾಗಿಲ ಹೊರಗೆ ಸಿಕ್ಕಿಬೀಳುತ್ತದೆ. ಅದಕ್ಕೆ ದಾರಿ ಬಿಡುವುದೇ ಬ್ಲೋ-ಆಫ್ ವಾಲ್ವಿನ ಕೆಲಸ. ಕಾರಿನೊಂದಿಗೆ ಬಂದ ವಾಲ್ವು ಆ ಗಾಳಿಯನ್ನು ಒಂದು ರಬ್ಬರ್ ಕೊಳವೆಯ ಮೂಲಕ ಸದ್ದಿಲ್ಲದೆ ಹಿಂದಕ್ಕೆ, ಪಂಖದ ಆಚೆಗೆ ಕಳಿಸುತ್ತದೆ. ಶೇಠ್‌ಜಿ ಅದನ್ನು ತೆಗೆಸಿ, ಮುಂಬಯಿಯಿಂದ ತರಿಸಿದ ಒಂದು ಫಳಫಳ ಹೊಳೆಯುವ ಅಲ್ಯುಮಿನಿಯಂ ವಾಲ್ವನ್ನು ಹಾಕಿಸಿದ್ದರು. ಅದು ಗಾಳಿಯನ್ನು 'ಪುಸ್ಸ್' ಎಂದು ಹೊರಗೇ ಬಿಡುತ್ತಿತ್ತು. ಆ ಸದ್ದು ಅವರಿಗೆ ಪ್ರಿಯವಾಗಿತ್ತು. ಆದರೆ ಇಂಜಿನಿನ ಕಂಪ್ಯೂಟರು ಒಳಬಂದ ಗಾಳಿಯನ್ನು ಮೊದಲೇ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲು ಸುರಿದಿರುತ್ತದೆ. ಹತ್ತು ಜನ ಉಣ್ಣುತ್ತಾರೆಂದು ಅಡಿಗೆ ಮಾಡಿದ ಮೇಲೆ ಐವರು ಹಿತ್ತಲ ಬಾಗಿಲಿನಿಂದ ಹೊರಟುಹೋದಂತಾಗಿ, ಪೆಟ್ರೋಲು ಹೆಚ್ಚಾಗಿ, ಇಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು.

ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕೊಟ್ಟೆ. ಬರೆಯುವುದರಲ್ಲಿ ನನಗೆ ಭಯವಿರಲಿಲ್ಲ, ನಿಘಂಟು ಹತ್ತಿರವಿರುತ್ತಿತ್ತು. ಮಾಲೀಕರು ಓದಿ, "ಬದಲಿಸು. ನಿನ್ನ ಕೈಯಿಂದಲೇ ಬದಲಿಸು. ಈ ಕೆಲಸ ನೋಡಿ ನಿನ್ನ ಪತ್ರಕ್ಕೆ ಸಹಿ ಹಾಕ್ತೀನಿ" ಎಂದರು. ಮೂಲದಂಥದೇ ಒಂದು ವಾಲ್ವು ತರಿಸಿದ್ದಾಯಿತು. ಆದರೆ ನಾನು ಮುಚ್ಚಿಟ್ಟ ಒಂದು ಮಾತಿತ್ತು. ಸಂದರ್ಶನದ ದಿನ ಟರ್ಬೊ ಕಾರುಗಳ ಅನುಭವವಿದೆಯೇ ಎಂದು ಕೇಳಿದಾಗ ನಾನು ಇದೆ ಎಂದಿದ್ದೆ. ಇದ್ದದ್ದು ಪುಸ್ತಕದ ಅನುಭವ.

ಶನಿವಾರ ಬೆಳಿಗ್ಗೆ ಕೆಲಸಕ್ಕೆ ತೊಡಗಿದೆ. ಶೇಠ್‌ಜಿ ಗಾಜಿನ ಕೋಣೆಯೊಳಗೆ ಮಾಲೀಕರೊಂದಿಗೆ ಚಹಾ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಬಿಳಿ ಅಂಗಿ, ಟೈ ಧರಿಸಿದ್ದೆ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಕಾಕಾ ಆಗಿದ್ದವರು, ಪಕ್ಕದ ಕಾರಿನ ಕೆಳಗಿನಿಂದ ತಲೆ ಹೊರಹಾಕಿ ನೋಡುತ್ತಿದ್ದರು. ಕಾಕಾ ನಾಲ್ಕನೆಯ ತರಗತಿಯವರೆಗೆ ಓದಿದವರು. ನನ್ನನ್ನು 'ಡಿಗ್ರೀವಾಲೇ ಸಾಹೇಬ್' ಎನ್ನುತ್ತಿದ್ದರು. ಅದು ಗೌರವವೋ ಲೇವಡಿಯೋ ಎಂದು ನಾನು ಒಂದು ವರ್ಷವಿಡೀ ತೂಗಿ ನೋಡಿದ್ದೆ.

ಹೊಳೆಯುವ ವಾಲ್ವನ್ನು ಬಿಚ್ಚಿದೆ. ಗಾಳಿಯನ್ನು ಹಿಂದಕ್ಕೊಯ್ಯುವ ಹಳೆಯ ರಬ್ಬರ್ ಕೊಳವೆ ಅಲ್ಲೇ ಇತ್ತು. ಅದರ ಒಂದು ತುದಿ ಆಳದಲ್ಲಿ, ಏರ್ ಫಿಲ್ಟರಿನಿಂದ ಬರುವ ದೊಡ್ಡ ಪೈಪಿಗೆ ಸೇರಿಕೊಂಡಿತ್ತು. ಇನ್ನೊಂದು ತುದಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಬಗ್ಗಿ ನೋಡಿದೆ. ಒಳಗೆ ಕತ್ತಲು. ಕೊಳವೆಯೊಳಗೆ ಕತ್ತಲಿರುವುದು ಸಹಜವೇ ಅಲ್ಲವೆ?

"ಸಾಹೇಬ್, ಒಂದ್ಸಲ ಬಾಯಿ ಹಚ್ಚಿ ಊದಿ ನೋಡಿ" ಎಂದರು ಕಾಕಾ, ಮಲಗಿದಲ್ಲಿಂದಲೇ.

ಆ ಕ್ಷಣ ನನಗೆ ನೆನಪಾದದ್ದು ಅಪ್ಪನ ತುಟಿ. ಅಪ್ಪ ರೈಲ್ವೆಯಲ್ಲಿ ಬ್ರೇಕಿನ ಫಿಟ್ಟರ್. ರೈಲಿನ ಬ್ರೇಕು ಗಾಳಿಯಿಂದ ನಡೆಯುತ್ತದೆ. ಸಣ್ಣ ಕೊಳವೆಗಳನ್ನು ಜೋಡಿಸುವ ಮೊದಲು ಒಂದೊಂದನ್ನೂ ಊದಿ ನೋಡುವುದು ಅವರ ಕಾರ್ಖಾನೆಯ ಪದ್ಧತಿ. ಹಾಗಾಗಿ ಕೆಲಸದಿಂದ ಬರುವಾಗ ಅಪ್ಪನ ತುಟಿಯ ಸುತ್ತ ಕಪ್ಪನೆಯ ಒಂದು ಉಂಗುರ ಇರುತ್ತಿತ್ತು. ಹುಬ್ಬಳ್ಳಿಯಲ್ಲಿ ನಾನು ಐದನೆಯ ತರಗತಿಯಲ್ಲಿದ್ದಾಗ, ಯಾವುದೋ ಅರ್ಜಿಗೆ ಸಹಿ ಹಾಕಲು ಅವರು ಕಾರ್ಖಾನೆಯಿಂದ ನೇರ ಶಾಲೆಗೆ ಬಂದಿದ್ದರು. ಅವರು ಹೋದ ಮೇಲೆ ಹಿಂದಿನ ಬೆಂಚಿನವನೊಬ್ಬ, "ನಿಮ್ಮಪ್ಪ ಏನ್ ತಿಂದ್ ಬಂದಾನಲೇ, ಡಾಂಬರೇನು?" ಎಂದು ಕೇಳಿದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಕ್ಕದ್ದೇ ಇಂದಿಗೂ ಚುಚ್ಚುತ್ತದೆ.

"ಅವಶ್ಯಕತೆ ಇಲ್ಲ ಕಾಕಾ. ಕೊಳವೆ ಚೆನ್ನಾಗಿದೆ" ಎಂದೆ. ಗಾಜಿನ ಕಡೆಗೊಮ್ಮೆ ನೋಡಿ, ಕೊಳವೆಯ ಬಾಯಿಯನ್ನು ಬಟ್ಟೆಯಿಂದ ಒರೆಸಿ ಹೊಸ ವಾಲ್ವಿಗೆ ಸೇರಿಸಿ, ಕ್ಲಿಪ್ ಬಿಗಿದೆ.

"ಜೈಸೀ ಮರ್ಜಿ, ನಿಮ್ಮಿಷ್ಟ" ಎಂದು ಕಾಕಾ ತಲೆಯನ್ನು ಒಳಗೆಳೆದುಕೊಂಡರು.

ಶೇಠ್‌ಜಿಯವರನ್ನು ಕೂಡಿಸಿಕೊಂಡು ಹೊರಗೆ ಓಡಿಸಿ ನೋಡಿದೆವು. ಕಾರು ಎಲ್ಲಿಯೂ ನಿಲ್ಲಲಿಲ್ಲ. ಕಪ್ಪು ಹೊಗೆಯೂ ಇಲ್ಲ. ಆದರೆ ವೇಗ ಹಿಡಿದು ಕಾಲು ತೆಗೆದ ಕೂಡಲೇ ಬಾನೆಟ್ಟಿನ ಒಳಗಿನಿಂದ ಪಟಪಟಪಟ ಎಂದು ಒಂದು ಸದ್ದು ಬಂತು. ಗಾಬರಿಗೊಂಡ ಪಾರಿವಾಳ ರೆಕ್ಕೆ ಬಡಿದಂತೆ. ಮೂಲದ ವಾಲ್ವು ಮೌನವಾಗಿರಬೇಕು ಎಂದು ನಾನೇ ಬರೆದುಕೊಟ್ಟಿದ್ದೆ.

"ಅರೇ ವಾಹ್!" ಶೇಠ್‌ಜಿ ತೊಡೆ ತಟ್ಟಿಕೊಂಡರು. "ಒಳಗೆ ಕಬೂತರ್ ಸಾಕಿದ್ದೀರೇನು? ಮೊದಲಿನ ಪುಸ್ಸ್‌ಗಿಂತ ಇದು ಜೋರು. ಇನ್ನೊಮ್ಮೆ ಮಾಡಿ, ಇನ್ನೊಮ್ಮೆ!"

ನಾನು ಇನ್ನೊಮ್ಮೆ ಮಾಡಿದೆ. ಪಾರಿವಾಳ ಇನ್ನೊಮ್ಮೆ ರೆಕ್ಕೆ ಬಡಿಯಿತು.

ಗ್ಯಾರೇಜಿಗೆ ಮರಳಿದಾಗ ಶೇಠ್‌ಜಿ ಎಲ್ಲರೆದುರು ನನ್ನ ಬೆನ್ನು ಚಪ್ಪರಿಸಿದರು. ಮಾಲೀಕರು ಮೇಜಿನ ಖಾನೆ ಎಳೆದು, ಟೈಪ್ ಮಾಡಿಟ್ಟ ಪತ್ರವನ್ನು ದೂರದಿಂದಲೇ ತೋರಿಸಿದರು. "ಮಂಗಳವಾರ ಸಹಿ. ಬೋಪಾಲ್‌ವಾಲೇ ಭಾಈಗೆ ಹೇಳಿಬಿಡು." ಕಾಕಾ ಮಾತ್ರ, ಹೊರಟು ಹೋಗುತ್ತಿದ್ದ ಕಾರಿನ ಸದ್ದನ್ನು ಕೇಳಿ, ನನ್ನ ಮುಖವನ್ನೊಮ್ಮೆ ನೋಡಿ, ಬೀಡಿ ಹಚ್ಚಿಕೊಂಡರು. ಬಾಯಿಬಿಟ್ಟು ಬೈದಿದ್ದರೆ ಸುಲಭವಿತ್ತು.

ಸಂಜೆ ಕೋಣೆಯಲ್ಲಿ ಪುಸ್ತಕ ತೆರೆದೆ. ನನಗೆ ಬೇಕಾದ ಪುಟ ಅಲ್ಲಿಯೇ ಇತ್ತು. ಒತ್ತಿದ ಗಾಳಿಗೆ ಹೊರದಾರಿ ಸಿಗದಿದ್ದರೆ ಅದು ತಿರುಗಿ ಬಂದು ಪಂಖದ ಎಲೆಗಳಿಗೇ ಅಪ್ಪಳಿಸುತ್ತದೆ. ಆ ಪಟಪಟ ಸದ್ದು ಅದರದು. ದಿನ ಕಳೆದಂತೆ ಪಂಖದ ಬೇರಿಂಗು ಸವೆಯುತ್ತದೆ, ಕೊನೆಗೆ ಟರ್ಬೊ ಹಾಳಾಗುತ್ತದೆ. ಹಾಗಾದರೆ ನಾನು ಹಾಕಿದ ವಾಲ್ವಿನ ಮುಂದೆ ದಾರಿ ಇಲ್ಲ. ಎಲ್ಲಿ ಮುಚ್ಚಿದೆ ಎಂಬುದು ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ತಪ್ಪಿಗೆ ನನ್ನ ಬೆನ್ನು ಚಪ್ಪರಿಸಲಾಗಿತ್ತು, ಮತ್ತು ಆ ತಪ್ಪಿನ ಮೇಲೆ ಮಂಗಳವಾರ ಸಹಿ ಬೀಳಲಿತ್ತು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ತಂಗಿಯ ಓದು ಉಳಿಯುತ್ತಿತ್ತು. ಟರ್ಬೊ ಹಾಳಾಗಲು ತಿಂಗಳುಗಳೇ ಬೇಕಾದೀತು. ಆಗ ಯಾರು ಯಾರನ್ನು ಕೇಳುತ್ತಾರೆ? ಈ ವಿಚಾರವನ್ನು ನಾನು ಮಾಡಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಭಾನುವಾರ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದೆ. ಅವ್ವ ಪರದೆಯ ಬಟ್ಟೆ ತಂದು ಹಾಸಿಗೆಯ ಮೇಲೆ ಹರವಿದ್ದಳು. ಮೊಳೆಗೆ ತೂಗುತ್ತಿದ್ದ ದಾರ ಅವಳ ಕೈಯಲ್ಲಿತ್ತು.

"ಈ ಗಂಟು ಅಡಿಗಿಮನಿದೋ, ಹೊರಗಿಂದೋ ನೆನಪಾಗವಲ್ದು. ನೀ ನೋಡಿದ್ದೆಲ್ಲೋ?" ಎಂದಳು.

"ಈಗಲೇ ಕತ್ತರಿಸಬ್ಯಾಡವ್ವಾ" ಎಂದೆ.

"ಯಾಕ? ಪತ್ರ ಕೊಡೂದಿಲ್ಲಂತೇನು?"

ತಂಗಿ ಪುಸ್ತಕದಿಂದ ತಲೆಯೆತ್ತಿದಳು. ಅವಳ ಕನ್ನಡ ಎಂದಿನಂತೆ ತುಂಡುತುಂಡು. "ಅಣ್ಣಾ, ಬೋಪಾಲ್ ಕ್ಯಾನ್ಸಲ್?"

"ಇಲ್ಲ. ಹಂಗೇನಿಲ್ಲ" ಎಂದೆ. ಸರಿಯಾಗಿ ಕೇಳಿಸುವ ಹಾಗೆ ಎರಡು ಸಲ ಎಂದೆ.

ಅಪ್ಪ ಅಂಗಳದಲ್ಲಿ ಸೈಕಲ್ಲಿನ ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದರು. ಕಾರ್ಖಾನೆಯ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಮಂದವಾಗಿತ್ತು. ಅವರೊಂದಿಗೆ ಎದುರು ನಿಂತು ದೊಡ್ಡ ದನಿಯಲ್ಲೇ ಮಾತಾಡಬೇಕು. ಗುಟ್ಟಿನ ಮಾತಿಗೆ ಅವರು ಒಳ್ಳೆಯ ಜೊತೆಯಲ್ಲ. ನಾನು ಬೇರೆಯವರ ಕಥೆಯಂತೆ ಶುರುಮಾಡಿದೆ. ಗ್ಯಾರೇಜಿನಲ್ಲಿ ಒಬ್ಬರು ಒಂದು ವಾಲ್ವು ಬದಲಿಸಿದರು, ಅದು ಪಟಪಟ ಎನ್ನುತ್ತದೆ, ಏನಿರಬಹುದು ಎಂದೆ.

ಅಪ್ಪ ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ಬರುತ್ತದೆಯೇ ಎಂದು ನೋಡುತ್ತ ಹೇಳಿದರು. "ಗಾಳಿಗೆ ದಾರಿ ಬೇಕು ತಮ್ಮಾ. ದಾರಿ ಸಿಗಲಿಲ್ಲಂದ್ರ ಬಂದ ದಾರೀಲೇ ಹೊಳ್ಳತದ. ಪೈಪ್ ಊದಿ ನೋಡಿದ್ನೇನು ಅಂವಾ?"

"ಇಲ್ಲ."

"ಯಾಕ?"

ನಾನು ಕಾಲರ್ ಸರಿಮಾಡಿಕೊಂಡೆ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಅಂಗಿಯ ಕಾಲರನ್ನು, ಇಸ್ತ್ರಿಯ ಗೆರೆಯನ್ನು. ಅನಂತರ ಟ್ಯೂಬಿನ ಕಡೆಗೆ ತಿರುಗಿಕೊಂಡರು.

"ಅಂವಾ ನೀನ ಹೌದಲ್ಲೋ" ಎಂದರು. ಕಿವಿ ಮಂದವಾದವರ ದನಿ, ಓಣಿಗೆಲ್ಲ ಕೇಳಿಸಿರಬೇಕು.

ಮೂಲೆಯ ಎಸ್‌ಟಿಡಿ ಬೂತಿನಿಂದ ಮಾಲೀಕರ ಮನೆಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಎರಡನೆಯ ವಾಕ್ಯಕ್ಕೇ ಅವರು ತಡೆದರು.

"ಗ್ರಾಹಕ ಖುಷ್. ನಾನು ಖುಷ್. ನೀನ್ಯಾಕೆ ದುಃಖಿ?"

"ಸರ್, ಟರ್ಬೊ ಹಾಳಾಗುತ್ತದೆ."

"ಹಾಳಾದರೆ ನಮ್ಮ ಹತ್ತಿರವೇ ಬರ್ತಾರೆ. ಆಗ ನೋಡೋಣ. ಈಗ ಹೋಗಿ ಮುಟ್ಟಬೇಡ. ಮುಟ್ಟಿದರೆ ಗ್ಯಾರೇಜಿನ ಹೆಸರು ಹಾಳು. ತಿಳಿತಾ? ಮಂಗಳವಾರ ಬಾ."

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅವ್ವ ಪರದೆಯ ಬಟ್ಟೆಯನ್ನು ಮಡಚತೊಡಗಿದಳು. "ದೊಡ್ಡವರು ಬ್ಯಾಡ ಅಂದ ಮ್ಯಾಲ ಸುಮ್ನಿರಬಾರದೇನಪಾ" ಎಂದಳು; ಅದರಲ್ಲಿ ಒತ್ತಾಯವಿರಲಿಲ್ಲ, ಬೇಡಿಕೆಯಿತ್ತು. ನನಗೂ ಯಾರಾದರೂ ಸುಮ್ಮನಿರು ಎಂದು ಗಟ್ಟಿಯಾಗಿ ಹೇಳಿದ್ದರೆ ಬೇಕಾಗಿತ್ತು. ನಾನು ಅಪ್ಪನ ಮುಖ ನೋಡಿದೆ.

"ನಾಳೆ ನಾ ರಜಾ ಹಾಕ್ತೀನಿ" ಎಂದರು ಅಪ್ಪ. "ನೀ ಹೋಗೂದಿದ್ರ ನಾ ಬರ್ತೀನಿ. ಇಲ್ಲಾಂದ್ರ ರಜಾ ಉಳೀತದ. ನಿನ್ನ ಇಷ್ಟ."

ಇಷ್ಟವನ್ನು ನನಗೇ ಬಿಟ್ಟದ್ದಕ್ಕಾಗಿ ಆ ರಾತ್ರಿ ಅವರ ಮೇಲೆ ನನಗೆ ಸಿಟ್ಟೂ ಬಂದಿತ್ತು.

ನಾನು ಮೊದಲೇ ರಜೆ ಪಡೆದಿದ್ದ ಸೋಮವಾರ ನಾವಿಬ್ಬರೂ ಸೂರತ್ತಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಸಚಿನ್‌ಗೆ ಹೋದೆವು. ದಾರಿಯುದ್ದಕ್ಕೂ ನಾನು ಹಿಂದಿಯಲ್ಲಿ ಒಂದು ಕ್ಷಮಾಪಣೆಯನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅಪ್ಪ ಕಿಟಕಿಯ ಪಕ್ಕ ಕುಳಿತು ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದರು. ನಾನು ತಿನ್ನದೆ ಹಿಡಿದುಕೊಂಡೇ ಕುಳಿತಿದ್ದೆ.

ಕಾರ್ಖಾನೆಯ ಗಟಾರದಲ್ಲಿ ಅಂದು ಕೇಸರಿ ನೀರು ಹರಿಯುತ್ತಿತ್ತು. ತಗಡಿನ ನೆರಳಿನಲ್ಲಿ ಕಾರು ನಿಂತಿತ್ತು. ಶೇಠ್‌ಜಿ ಹೊರಬಂದು, ನಾನು ಬಂದ ಕಾರಣ ಕೇಳಿ ಕಣ್ಣರಳಿಸಿದರು.

"ರಿಪೇರಿ ಆಗಿದೆ. ಆದದ್ದನ್ನು ಮತ್ತೆ ರಿಪೇರಿ ಮಾಡೋಕೆ ನೂರಾರು ಮೈಲಿ ಬಂದಿದ್ದೀರಾ? ಇಂಥ ಗ್ಯಾರೇಜು ನಾನು ನೋಡೇ ಇಲ್ಲ. ಜೊತೆಗೆ ಇವರ್ಯಾರು, ಇನ್‌ಸ್ಪೆಕ್ಟರ್?"

"ನನ್ನ ತಂದೆಯವರು. ಗ್ಯಾರೇಜು ನನ್ನನ್ನು ಕಳಿಸಿಲ್ಲ, ಶೇಠ್‌ಜಿ. ತಪ್ಪು ನನ್ನದು, ಅದಕ್ಕೇ ಬಂದೆ. ನಿಮ್ಮ ಕಬೂತರ್ ಟರ್ಬೊವನ್ನು ತಿನ್ನುತ್ತಿದೆ."

ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಬಂದದ್ದು ಇಷ್ಟು. ಅವರು ಒಂದು ಕ್ಷಣ ನನ್ನನ್ನು ನೋಡಿ, ಕೀಲಿ ಎಸೆದರು.

ಬಾನೆಟ್ ಎತ್ತಿ, ಕ್ಲಿಪ್ ಸಡಿಲಿಸಿ, ಹೊಸ ವಾಲ್ವಿನಿಂದ ಆ ಕೊಳವೆಯನ್ನು ಬಿಡಿಸಿದೆ. ಕಾರ್ಖಾನೆಯ ಏಳೆಂಟು ಕೆಲಸಗಾರರು ಸುತ್ತ ನೆರೆದಿದ್ದರು. ಅಪ್ಪ ಕೈಚಾಚಿದರು, ತಾವೇ ಊದುವುದಕ್ಕೆ. ನಾನು ಕೊಡಲಿಲ್ಲ. ಬಗ್ಗಿ, ಎಣ್ಣೆಯ ಜಿಡ್ಡು ಹತ್ತಿದ ಆ ರಬ್ಬರಿಗೆ ತುಟಿಯಿಟ್ಟು ಊದಿದೆ. ಗಾಳಿ ಒಂದಿಷ್ಟೂ ಹೋಗಲಿಲ್ಲ. ಕೆನ್ನೆ ಉಬ್ಬಿತು, ಕಿವಿ ಗುಂಯ್ಗುಟ್ಟಿತು. ಬಾಯಲ್ಲಿ ಹಳೆಯ ಎಣ್ಣೆಯ ಕಹಿ.

ಆಳದ ತುದಿಯನ್ನೂ ಬಿಡಿಸಿ ಕೊಳವೆಯನ್ನು ಹೊರತೆಗೆದು ಕುಟ್ಟಿದಾಗ, ಕಪ್ಪಗಾದ ಒಂದು ಪ್ಲಾಸ್ಟಿಕ್ ತುಂಡು ನೆಲಕ್ಕೆ ಬಿತ್ತು. ನೂಲು ಸುತ್ತುವ ಬಾಬಿನ್ನಿನ ಕತ್ತರಿಸಿದ ತಲೆ. ಹೊಳೆಯುವ ವಾಲ್ವು ಹಾಕಿದವರು ಕೊಳವೆಯ ಬಾಯಿಗೆ ಬಿರಡೆಯೆಂದು ಅದನ್ನು ತುರುಕಿದ್ದರು. ಇಂಜಿನ್ ಉಸಿರೆಳೆದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಒಳಜಾರಿ, ಕಣ್ಣಿಗೆ ಕಾಣದ ಬಾಗಿನಲ್ಲಿ ಹೋಗಿ ಕುಳಿತಿತ್ತು. ಶನಿವಾರ ಒಂದು ಉಸಿರು ಊದಿದ್ದರೆ ತಿಳಿಯುತ್ತಿತ್ತು.

ಶೇಠ್‌ಜಿ ಅದನ್ನೆತ್ತಿ ತಿರುಗಿಸಿ ನೋಡಿದರು. "ಇದು ನಮ್ಮದೇ ಮಾಲು!" ಎಂದು ಜೋರಾಗಿ ನಕ್ಕರು. "ನಮ್ಮ ಮಿಸ್ತ್ರಿಯೇ ಇಲ್ಲಿ ಅಂಗಳದಲ್ಲಿ ಹಾಕಿಕೊಟ್ಟಿದ್ದ. ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲೇ ಇಲ್ಲ. ಬಾಬಿನ್ ನಮ್ಮದು, ಮಿಸ್ತ್ರಿ ನಮ್ಮವನು, ಬೈಯೋದು ಯಾರನ್ನ?"

ಕೊಳವೆಯನ್ನು ಮರಳಿ ಜೋಡಿಸಿ, ರಸ್ತೆಗೆ ಹೋಗಿ ಓಡಿಸಿ ನೋಡಿದೆವು. ಕಾಲು ತೆಗೆದಾಗ ಏನೂ ಕೇಳಿಸಲಿಲ್ಲ. ನಾಲ್ಕು ಸಲ ತೆಗೆದು ನೋಡಿದೆ. ನನಗೆ ಅಳು ಬರುವಷ್ಟು ಆ ಮೌನ ಹಿತವಾಗಿತ್ತು. ಶೇಠ್‌ಜಿ ಮುಖ ಸಣ್ಣದು ಮಾಡಿಕೊಂಡರು. "ಕಬೂತರ್ ಹಾರಿಸಿಬಿಟ್ಟಿರಲ್ಲ, ಸಾಹೇಬ್."

ನಾವು ಮರಳಿದಾಗ ಅಪ್ಪ ಕಾರಿನ ಬಳಿ ಇರಲಿಲ್ಲ. ಕೈ ತೊಳೆಯಲು ನಲ್ಲಿಗೆ ಹೋದವರು ದಾರಿಯಲ್ಲಿ ನಿಂತುಬಿಟ್ಟಿದ್ದರು. ಗೋಡೆಯುದ್ದಕ್ಕೂ ಕಾರ್ಖಾನೆಯ ಗಾಳಿಯ ಪೈಪು ಹೋಗಿತ್ತು. ಒದ್ದೆಯಾದ ಮುಂಗೈಯನ್ನು ಆ ಪೈಪಿನ ಪಕ್ಕದಲ್ಲಿ ನಿಧಾನವಾಗಿ ಸರಿಸುತ್ತ ನಡೆಯುತ್ತಿದ್ದರು. ಕಿವಿ ಕೇಳದವರು ಗಾಳಿ ಸೋರುವುದನ್ನು ಹುಡುಕುವ ರೀತಿ ಅದು. ಯಾರಿಂದಲೋ ಸಾಬೂನು ನೊರೆ ಮಾಡಿಸಿಕೊಂಡು, ಗಡ್ಡ ಕೆರೆಯುವ ಬ್ರಶ್ಶಿನಿಂದ ಒಂದೊಂದು ಜೋಡಣೆಗೂ ಬಳಿಯುತ್ತಿದ್ದರು. ನೊರೆ ಉಬ್ಬಿದ ಕಡೆ ಸ್ಪ್ಯಾನರ್ ಹಾಕಿ ಬಿಗಿಯುತ್ತಿದ್ದರು.

"ಹವಾ ಜಾ ರಹಾ ಹೈ, ಶೇಠ್" ಎಂದರು ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ. "ಚಾರ್ ಜಾಗಾ."

ನಾಲ್ಕನೆಯದನ್ನು ಬಿಗಿದು ಸ್ವಲ್ಪ ಹೊತ್ತಾದ ಮೇಲೆ ಹಿಂಬದಿಯ ಶೆಡ್ಡಿನಲ್ಲಿ ಗಡಗಡಿಸುತ್ತಿದ್ದ ಕಂಪ್ರೆಸರ್ ತಾನಾಗಿ ನಿಂತಿತು. ಕೆಲಸಗಾರರೆಲ್ಲ ಕತ್ತೆತ್ತಿ ನೋಡಿದರು. ಶೇಠ್‌ಜಿಯವರು ಕೆಟ್ಟುಹೋಯಿತೆಂದು ಅತ್ತ ಓಡಿದರು. ಕೆಟ್ಟಿರಲಿಲ್ಲ. ಒತ್ತಿದ ಗಾಳಿಯ ತೊಟ್ಟಿ ತುಂಬಿದರೆ ಅದು ನಿಲ್ಲಬೇಕು. ಸೋರಿಕೆಯಿಂದಾಗಿ ಆ ಮಿಸ್ತ್ರಿ ಹೋದಂದಿನಿಂದ ತುಂಬಿರಲೇ ಇಲ್ಲ. ಮೌನವಾದದ್ದು ಅಪ್ಪನಿಗೆ ಮಾತ್ರ ಗೊತ್ತಾಗಲಿಲ್ಲ. ಎಲ್ಲರೂ ತಮ್ಮನ್ನು ನೋಡುವುದನ್ನು ಕಂಡು, ತೊಟ್ಟಿಯ ಮೇಲೆ ಅಂಗೈ ಇಟ್ಟು ನೋಡಿ, ತಲೆಯಾಡಿಸಿದರು.

ಮರಳುವ ರೈಲಿನಲ್ಲಿ ಎದುರಿನ ಸೀಟಿನವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಅಂಗವಸ್ತ್ರದ ತುದಿಯನ್ನು ಮುಂದೆ ಚಾಚಿದರು. "ತುಟಿ ಒರಸ್ಕೊ ತಮ್ಮಾ."

"ಇರ್ಲಿ ಬಿಡ್ರಿ" ಎಂದೆ.

ಮಂಗಳವಾರ ಮಾಲೀಕರಿಗೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. "ಗ್ರಾಹಕ ನಗ್ತಾ ಹೋಗಿದ್ದ. ನೀನು ಹೋಗಿ ನಗು ಕಿತ್ತುಕೊಂಡು ಬಂದೆ. ನನ್ನ ಮಾತೂ ಮೀರಿದೆ" ಎಂದು ಪತ್ರವನ್ನು ಖಾನೆಯಲ್ಲಿಟ್ಟು ಮುಚ್ಚಿದರು. ಪ್ರೊಬೇಷನ್ ಇನ್ನಾರು ತಿಂಗಳು ಮುಂದುವರಿಯಿತು. ಬೋಪಾಲ್‌ನ ಮನೆಯೊಡೆಯರು ಹತ್ತು ದಿನ ಕಾದು ಬೇರೆಯವರಿಗೆ ಕೀಲಿ ಕೊಟ್ಟರು. ಅಂದಿನಿಂದ ನಾನು ಯಾವ ಕೊಳವೆ ಬಿಚ್ಚಿದರೂ ಕಾಕಾ ಕೆಲಸ ನಿಲ್ಲಿಸಿ, ನಾನು ಊದುವವರೆಗೆ ಕಾಯುತ್ತಿದ್ದರು. ಊದಿದ ಮೇಲೆ, "ಹಾಂ. ಈಗ ಡಿಗ್ರೀ ಪೂರಾ ಆಯ್ತು" ಎನ್ನುತ್ತಿದ್ದರು.

ಮುಂದೆ ಸಂಸಾರದಲ್ಲಿ ಆದ ಬದಲಾವಣೆಯನ್ನು ಹೇಳಿ ಮುಗಿಸುತ್ತೇನೆ. ಅಪ್ಪ ನಿವೃತ್ತರಾದ ತಿಂಗಳಲ್ಲೇ ಸಚಿನ್‌ನಿಂದ ಶೇಠ್‌ಜಿಯವರು ಕರೆ ಕಳಿಸಿದರು: ಗಾಳಿಯ ಪೈಪುಗಳನ್ನೂ ಕಂಪ್ರೆಸರನ್ನೂ ನೋಡಿಕೊಳ್ಳಲು ಒಬ್ಬರು ಬೇಕು, ಇರಲು ಎರಡು ಕೋಣೆ ಕೊಡುತ್ತೇವೆ. ಅಪ್ಪ, ಅವ್ವ, ತಂಗಿ ಅಲ್ಲಿಗೆ ಹೋದರು. ತಂಗಿ ಸೂರತ್ತಿನ ಹಿಂದಿ ಶಾಲೆಯಲ್ಲೇ ಹತ್ತನೆಯದನ್ನು ಮುಗಿಸಿದಳು. ಗದಗಿನ ಕೋಣೆ ಬೇಕಾಗಲಿಲ್ಲ. ನಾನು ಅಹಮದಾಬಾದಿನಲ್ಲಿ ಇನ್ನಿಬ್ಬರೊಂದಿಗೆ ಹಂಚಿಕೊಂಡ ಕೋಣೆಯಲ್ಲೇ ಉಳಿದೆ. ಆರು ತಿಂಗಳ ಮೇಲೆ ನನ್ನ ಕೆಲಸ ಕಾಯಂ ಆಯಿತು. ಮನೆ ನಡೆಸುವವನು ನಾನಾಗುತ್ತೇನೆಂದು ಎಲ್ಲರೂ ಅಂದುಕೊಂಡಿದ್ದೆವು. ಮುಂದಿನ ಮೂರು ವರ್ಷ ನಡೆಸಿದವರು ಅಪ್ಪ. ಸಚಿನ್‌ನ ಕಿಟಕಿಗಳು ಚಿಕ್ಕವು. ಅವ್ವ ಆ ದಾರದ ಗಂಟುಗಳನ್ನು ಬಿಚ್ಚಿ, ಹೊಸದಾಗಿ ಅಳೆದಳು.